ನಿಂತಿದ್ದರೆ ಅವರದು, ಸುಟ್ಟರೆ ನಮ್ಮದು: ವಿಂಡ್ಸರ್ ಕೋಟೆಯ ಬೆಂಕಿ

ಹಬ್ಬದ ದಿನ ಕಿಟಕಿ ಹತ್ತಿರ ದೀಪ ಇಡಬೇಕೆಂದರೆ ನಮ್ಮಜ್ಜಿ ಮೊದಲು ಪರದೆಯನ್ನು ಎತ್ತಿ ಗಂಟು ಹಾಕುತ್ತಿದ್ದರು. ಬತ್ತಿ ಹಚ್ಚುವುದು ಆಮೇಲೆ. 1992ರ ನವೆಂಬರ್ 20, ಶುಕ್ರವಾರ ಬೆಳಿಗ್ಗೆ ಇಂಗ್ಲೆಂಡಿನ ವಿಂಡ್ಸರ್ ಕೋಟೆಯಲ್ಲಿ ಇಷ್ಟು ಮಾಡುವವರು ಒಬ್ಬರಿದ್ದರೆ ಸಾಕಿತ್ತು.

ಜಾಗ: ರಾಣಿ ಎರಡನೇ ಎಲಿಜಬೆತ್ ಅವರ ಖಾಸಗಿ ಪ್ರಾರ್ಥನಾ ಕೋಣೆ. ಅಲ್ಲಿ ಸುಮಾರು 9 ಮೀಟರ್ ಉದ್ದದ ಪರದೆ ಇಳಿಬಿದ್ದಿತ್ತು. ಅದಕ್ಕೆ ಒತ್ತಿಕೊಂಡಂತೆ ಒಂದು ಸ್ಪಾಟ್‌ಲೈಟ್ ಉರಿಯುತ್ತಿತ್ತು. ಬಟ್ಟೆ ಕಾಯಿತು, ಕರಕಲಾಯಿತು, ಹೊತ್ತಿಕೊಂಡಿತು. ಹತ್ತಿರದ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡಿಬಂದರು. ಕೈಗೆ ಬಗ್ಗಲಿಲ್ಲ. ಪರದೆ ಕಳಚಿ ನೆಲಕ್ಕೆ ಬಿತ್ತು, ಅಲ್ಲೂ ಉರಿಯಿತು. ಅಲ್ಲಿದ್ದವರು ಚಿತ್ರಗಳನ್ನು ಸಿಕ್ಕಷ್ಟು ಎತ್ತಿಕೊಂಡು ಹೊರಗೆ ಸಾಗಿಸಿದರು. ಮೇಲಿಂದ ಕಿಡಿ ಉದುರಲು ಶುರುವಾದ ಮೇಲೆ ಅವರೂ ಜೀವ ಉಳಿಸಿಕೊಂಡು ಹೊರಬಂದರು. ಆಗ ಗಂಟೆ ಹನ್ನೊಂದೂವರೆ ದಾಟಿತ್ತು.

ಕೊನೆಯ ಕಿಡಿ ಆರಿದ್ದು ಮಾರನೇ ದಿನ ನಸುಕಿನ ಎರಡೂವರೆಗೆ. ಅಷ್ಟರಲ್ಲಿ ನೂರಕ್ಕೂ ಹೆಚ್ಚು ಕೋಣೆಗಳು ಹಾಳಾಗಿದ್ದವು. ಆದರೆ ನಾನು ಈ ಪ್ರಕರಣವನ್ನು ಬರೆಯಲು ಹೊರಟಿದ್ದು ಬೆಂಕಿ ಆರಿದ ಮೇಲೆ ಹೊತ್ತಿಕೊಂಡ ಇನ್ನೊಂದು ಜಗಳಕ್ಕಾಗಿ. ಈ ಮನೆ ಯಾರದು? ರಿಪೇರಿ ಖರ್ಚು ಯಾರ ತಲೆಗೆ?

ಮನೆ ಎಂಥದ್ದು

ಸುಮ್ನೆ ಮನೆ ಅಂದೆ. ಅದು ಐದು ಹೆಕ್ಟೇರಿಗೂ ಜಾಸ್ತಿ ಜಾಗದಲ್ಲಿ ಹರಡಿಕೊಂಡಿರುವ, ಸುಮಾರು ಸಾವಿರ ಕೋಣೆಗಳ ಕೋಟೆ. 11ನೇ ಶತಮಾನದಲ್ಲಿ ವಿಲಿಯಂ ದೊರೆ ಥೇಮ್ಸ್ ನದಿ ಪಕ್ಕದ ದಿಬ್ಬದ ಮೇಲೆ ಮರದ ಕೋಟೆ ಕಟ್ಟಿಸಿದ. ಅಲ್ಲಿಂದ ಮುಂದೆ ಬಂದವರೆಲ್ಲ ತಮ್ಮ ಕಾಲದ್ದು ಒಂದಿಷ್ಟು ಸೇರಿಸುತ್ತಾ ಹೋದರು. 14ನೇ ಶತಮಾನದಲ್ಲಿ ಮೂರನೇ ಎಡ್ವರ್ಡ್ ದೊಡ್ಡದಾಗಿ ಕಟ್ಟಿಸಿದ. 17ನೇ ಶತಮಾನದಲ್ಲಿ ಎರಡನೇ ಚಾರ್ಲ್ಸ್ ಅದನ್ನು ಬರೋಕ್ ಎಂಬ ಭಾರಿ ಅಲಂಕಾರದ ಶೈಲಿಗೆ ತಿರುಗಿಸಿದ. 1820ರ ದಶಕದಲ್ಲಿ ನಾಲ್ಕನೇ ಜಾರ್ಜ್, ಜೆಫ್ರಿ ವ್ಯಾಟ್‌ವಿಲ್ ಎಂಬ ವಾಸ್ತುಶಿಲ್ಪಿಯನ್ನು ಹಿಡಿದು ಮತ್ತೆ ಹಳೇ ಕೋಟೆಯ ಹಾಗೆ ಕಾಣುವಂತೆ ಮಾಡಿಸಿದ. ಯುರೋಪಿನ ಎಷ್ಟೋ ಅರಮನೆಗಳು ಈಗ ಬರೀ ಮ್ಯೂಸಿಯಂ. ವಿಂಡ್ಸರ್ ಹಾಗಲ್ಲ. ಒಂದು ಕಡೆ ಪ್ರವಾಸಿಗಳು, ಇನ್ನೊಂದು ಕಡೆ ರಾಜಮನೆತನದವರ ಊಟ, ನಿದ್ದೆ, ವಾರಾಂತ್ಯ.

ಒಂಬೈನೂರು ವರ್ಷ ಹೀಗೆ ಸೇರಿಸುತ್ತಾ, ಮುಚ್ಚುತ್ತಾ ಬಂದ ಕಟ್ಟಡದಲ್ಲಿ ಒಂದು ತೊಂದರೆ ಇರುತ್ತದೆ. ಗೋಡೆಯ ಹಿಂದೆ ಏನಿದೆ, ಚಾವಣಿಯ ಮೇಲೆ ಏನಿದೆ ಅಂತ ಪೂರ್ತಿ ತಿಳಿದವರು ಯಾರೂ ಇರುವುದಿಲ್ಲ. ವಿಂಡ್ಸರ್‌ನಲ್ಲಿ ದೊಡ್ಡ ಹಾಲ್‌ಗಳ ಅಲಂಕಾರದ ಒಳಚಾವಣಿಗೂ ಮೇಲಿನ ಮಾಡಿಗೂ ನಡುವೆ ಉದ್ದಕ್ಕೆ ಟೊಳ್ಳು ಜಾಗ ಇತ್ತು. ನಮ್ಮ ಹಳೇ ಮನೆಗಳ ಅಟ್ಟದ ಹಾಗೆ, ಆದರೆ ಹತ್ತಾರು ಮೀಟರ್ ಉದ್ದ. ಬೆಂಕಿಯನ್ನು ತಡೆದು ನಿಲ್ಲಿಸುವಂಥ ಅಡ್ಡಗೋಡೆಗಳು ಅಲ್ಲಿ ಬೇಕಾದಷ್ಟು ಇರಲಿಲ್ಲ. ಕೆಳಗೆ ನಿಂತವರಿಗೆ ಹೊಗೆ ಕಾಣುವಷ್ಟರಲ್ಲಿ ಬೆಂಕಿ ಮೇಲಿಂದಲೇ ಮುಂದಿನ ಕೋಣೆಗೆ ದಾಟಿರುತ್ತಿತ್ತು. ಸ್ಪಾಟ್‌ಲೈಟ್ ಶುರುಮಾಡಿದ ಕೆಲಸವನ್ನು ಇಷ್ಟು ದೊಡ್ಡದು ಮಾಡಿದ್ದು ಈ ಅಟ್ಟ ಅಂತ ನನ್ನ ಲೆಕ್ಕ. ಆರು ವರ್ಷದ ಹಿಂದೆಯಷ್ಟೇ, 1986ರಲ್ಲಿ, ಹ್ಯಾಂಪ್ಟನ್ ಕೋರ್ಟ್ ಅರಮನೆಗೆ ಬೆಂಕಿ ಬಿದ್ದು ಒಬ್ಬರು ಸತ್ತಿದ್ದರು. ಎಚ್ಚರಿಕೆ ಆಗಲೇ ಸಿಕ್ಕಿತ್ತು.

ಆ ದಿನ

ಕೋಟೆಗೆ ತನ್ನದೇ ಪುಟ್ಟ ಅಗ್ನಿಶಾಮಕ ದಳ ಇತ್ತು. ಇಪ್ಪತ್ತು ಜನ, ಅದರಲ್ಲಿ ಆರು ಮಂದಿ ಮಾತ್ರ ಪೂರ್ಣಾವಧಿ. ಅವರ ಕೋಣೆಯ ಗೋಡೆಯಲ್ಲಿದ್ದ ಕೋಟೆಯ ನಕಾಶೆಯ ಮೇಲೆ ಒಂದು ದೀಪ ಮಿಣುಕಿತು. ಮೊದಲು ಬ್ರನ್ಸ್‌ವಿಕ್ ಗೋಪುರದ್ದು, ಅದರ ಬೆನ್ನಿಗೇ ಅಕ್ಕಪಕ್ಕದ ಕೋಣೆಗಳದ್ದು. ಒಂದೊಂದಾಗಿ ದೀಪ ಹತ್ತುವುದನ್ನು ನೋಡುತ್ತಾ ನಿಂತವನ ಪಾಡು ಊಹಿಸಿಕೊಳ್ಳಿ. ಹನ್ನೊಂದು ಗಂಟೆ ಮೂವತ್ತಾರು ನಿಮಿಷಕ್ಕೆ ಹೊರಗಿನ ದಳಕ್ಕೆ ಕರೆ ಹೋಯಿತು. ಬರ್ಕ್‌ಷೈರ್ ಅಲ್ಲದೆ ಲಂಡನ್, ಸರ್ರೆ, ಬಕಿಂಗ್‌ಹ್ಯಾಮ್‌ಷೈರ್, ಆಕ್ಸ್‌ಫರ್ಡ್‌ಷೈರ್‌ಗಳಿಂದಲೂ ಗಾಡಿಗಳು ಬಂದವು. ಒಟ್ಟು 39 ಗಾಡಿ, 225 ಸಿಬ್ಬಂದಿ. ನಲ್ಲಿ ನೀರು ಸಾಲದೆ ಥೇಮ್ಸ್ ನದಿಯಿಂದಲೂ ಎತ್ತಿ ಸುರಿದರು. ಆ ದಿನ ಸುರಿದ ನೀರು ಸುಮಾರು 70 ಲಕ್ಷ ಲೀಟರ್. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಸಂಜೆ ನಾಲ್ಕರ ಸುಮಾರಿಗೆ ಹಿಡಿತಕ್ಕೆ ಬಂತು ಅನ್ನುವಷ್ಟರಲ್ಲಿ ಬ್ರನ್ಸ್‌ವಿಕ್ ಗೋಪುರದಲ್ಲಿ ಮತ್ತೆ ಎದ್ದಿತು. ಕತ್ತಲಾದ ಮೇಲೆ ಗೋಪುರದ ನೆತ್ತಿಯಿಂದ 15 ಮೀಟರ್ ಎತ್ತರದ ಜ್ವಾಲೆ. ಟಿವಿಯಲ್ಲಿ ಜಗತ್ತೆಲ್ಲ ನೋಡಿದ್ದು ಆ ದೃಶ್ಯವನ್ನೇ. ಏಳು ಗಂಟೆಗೆ ಸೇಂಟ್ ಜಾರ್ಜ್ ಹಾಲ್‌ನ ಚಾವಣಿ ಕುಸಿಯಿತು.

ಇದರ ಮಧ್ಯೆ ಇನ್ನೊಂದು ಕೆಲಸ ನಡೆದಿತ್ತು, ನನಗೆ ಅದೇ ಹೆಚ್ಚು ಹಿಡಿಸಿದ್ದು. ಕೋಟೆಯ ಸಿಬ್ಬಂದಿ, ಸೈನಿಕರು, ಕಟ್ಟಡದ ಕೆಲಸಗಾರರು ಸಾಲಾಗಿ ನಿಂತು ಕೈಯಿಂದ ಕೈಗೆ ಸಾಮಾನು ದಾಟಿಸಿದರು. ಆ ಹೊತ್ತಿಗೆ ಕೋಟೆಯಲ್ಲಿದ್ದ ರಾಜಕುಮಾರ ಆಂಡ್ರ್ಯೂ ಕೂಡ ಸಾಲಿನಲ್ಲಿದ್ದರು. ನಮ್ಮ ಹಳ್ಳಿಗಳಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಾಗ ಕೊಡ ದಾಟಿಸುತ್ತಾರಲ್ಲ, ಅದೇ ರೀತಿ. ಇಲ್ಲಿ ಕೊಡದ ಬದಲು ಚಿತ್ರಗಳು, ಗಡಿಯಾರಗಳು, ಪುಸ್ತಕಗಳು. 300 ಗಡಿಯಾರ ಹೊರಗೆ ಬಂದವು. ರಾಜರ ಗ್ರಂಥಾಲಯದ ಸಾವಿರಾರು ಪುಸ್ತಕ, ಹಸ್ತಪ್ರತಿ, ರೇಖಾಚಿತ್ರಗಳು ಬಂದವು. ವಾಟರ್ಲೂ ಕೋಣೆಯ 46 ಮೀಟರ್ ಉದ್ದದ ಊಟದ ಮೇಜೂ ಬಂತು. ಅಂಗಳದಲ್ಲಿ ಟಾರ್ಪಾಲು ಹಾಸಿ ರಾಶಿ ಹಾಕಿದರು. ಮನೆ ಸಾಮಾನು ಸಾಗಿಸುವ ಲಾರಿಗಳನ್ನು ಪೊಲೀಸರು ಸುತ್ತಲ ಜಿಲ್ಲೆಗಳಿಂದೆಲ್ಲ ಕರೆಸಿದರು. ಮಧ್ಯಾಹ್ನ ಬಂದ ರಾಣಿ ರೇನ್‌ಕೋಟ್ ತೊಟ್ಟು, ತಲೆಗೆ ಸ್ಕಾರ್ಫ್ ಕಟ್ಟಿ ಅಂಗಳದಲ್ಲಿ ನಿಂತ ಫೋಟೋ ಈಗಲೂ ಸಿಗುತ್ತದೆ. ಮನೆ ಸುಟ್ಟವರು ಎಲ್ಲ ಕಡೆ ಒಂದೇ ಥರ ಕಾಣುತ್ತಾರೆ. ಅಂದು ಅವರ 45ನೇ ಮದುವೆ ವಾರ್ಷಿಕೋತ್ಸವ ಬೇರೆ.

ಯಾರೂ ಸಾಯಲಿಲ್ಲ. ಐವರು ಅಗ್ನಿಶಾಮಕ ಸಿಬ್ಬಂದಿಗೆ ಸಣ್ಣಪುಟ್ಟ ಗಾಯ. ಚಿತ್ರ ಉಳಿಸಲು ಹೋದ, ಗೋಡೆಗೆ ಬಣ್ಣ ಹೊಡೆಯುವ ಕೆಲಸದವರೊಬ್ಬರ ಕೈ ಸುಟ್ಟಿತು.

ಕಳೆದುಕೊಂಡದ್ದು ಆಶ್ಚರ್ಯ ಆಗುವಷ್ಟು ಕಡಿಮೆ. ಕಾರಣ ಕೇಳಿದರೆ ನಗು ಬರುತ್ತದೆ. ಆ ಭಾಗದಲ್ಲಿ ಹಳೇ ವೈರಿಂಗ್ ಕಿತ್ತು ಹೊಸದು ಹಾಕುವ ಕೆಲಸ ನಡೆದಿತ್ತು. ಅದಕ್ಕಾಗಿ ಕೋಣೆಗಳಲ್ಲಿದ್ದ ಬೆಲೆಬಾಳುವ ಸಾಮಾನಿನ ಬಹುಪಾಲನ್ನು ಮೊದಲೇ ಬೇರೆ ಕಡೆಗೆ ಸಾಗಿಸಿದ್ದರು. ಬೆಂಕಿ ಅನಾಹುತ ಆಗಬಾರದೆಂದು ಮಾಡುವ ಕೆಲಸದ ನಡುವೆಯೇ ಬೆಂಕಿ ಬಿತ್ತು, ಆ ಕೆಲಸವೇ ಸಾಮಾನನ್ನೂ ಉಳಿಸಿತು. ಉಳಿಯದೇ ಹೋದದ್ದರಲ್ಲಿ ವಿಲಿಯಂ ಬೀಚಿ ಬರೆದ, ಮೂರನೇ ಜಾರ್ಜ್ ಕುದುರೆ ಮೇಲೆ ಕೂತು ಸೈನ್ಯ ನೋಡುವ ಚಿತ್ರ ಒಂದು. ತುಂಬಾ ದೊಡ್ಡದು, ತೆಗೆದು ಹೊರಗೆ ತರಲು ಆಗಲಿಲ್ಲ. ಐದೂವರೆ ಮೀಟರ್ ಉದ್ದದ ಬೀಟೆ ಮರದ ಸೈಡ್‌ಬೋರ್ಡ್ ಒಂದು ಹೋಯಿತು. ಪ್ರಾರ್ಥನಾ ಕೋಣೆಯ ಪೈಪ್ ಆರ್ಗನ್, ಒಂದಷ್ಟು ಪಿಂಗಾಣಿ, ತೂಗುದೀಪಗಳು ಹೋದವು.

ಕನ್ನಡದವರಿಗೆ ಇಲ್ಲಿ ಇನ್ನೊಂದು ಪ್ರಶ್ನೆ ಏಳಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಸಿಂಹಾಸನವನ್ನು ತುಂಡು ಮಾಡಿದರಲ್ಲ, ಅದರ ಚಿನ್ನದ ಹುಲಿ ತಲೆ ಮತ್ತು ರತ್ನ ಕೂರಿಸಿದ ಹುಮಾ ಹಕ್ಕಿ ಕಡೆಗೆ ಸೇರಿದ್ದು ಇಂಗ್ಲೆಂಡಿನ ರಾಜರ ಸಂಗ್ರಹಕ್ಕೆ. ಹುಲಿ ತಲೆ ಇವತ್ತೂ ಇದೇ ಕೋಟೆಯ ಗ್ರ್ಯಾಂಡ್ ವೆಸ್ಟಿಬ್ಯೂಲ್ ಎಂಬ ಕೋಣೆಯಲ್ಲಿ ಹಲ್ಲು ಕಿರಿದು ನಿಂತಿದೆ. ಬೆಂಕಿಗೆ ಸಿಗಲಿಲ್ಲ.

ಬಿಲ್ ಯಾರಿಗೆ

ಈಗ ಜಗಳದ ವಿಷಯ. ವಿಂಡ್ಸರ್ ಕೋಟೆಗೆ ವಿಮೆ ಇರಲಿಲ್ಲ. ಇದು ಮರೆವಲ್ಲ, ಪದ್ಧತಿ. ಸರ್ಕಾರ ಇಂಥ ಅರಮನೆಗಳಿಗೆ ಕಂಪನಿಗಳ ಹತ್ತಿರ ವಿಮೆ ಮಾಡಿಸುತ್ತಿರಲಿಲ್ಲ. ನಷ್ಟವಾದರೆ ಖಜಾನೆಯೇ ನೋಡಿಕೊಳ್ಳುವುದು ಅಂತ ಲೆಕ್ಕ.

ಹಾಗಾದರೆ ಕೋಟೆ ಸರ್ಕಾರದ್ದೇ? ಅದೂ ಪೂರ್ತಿ ಹೌದು ಅನ್ನುವ ಹಾಗಿಲ್ಲ. ಬಾಲ್ಮೊರಲ್, ಸ್ಯಾಂಡ್ರಿಂಗ್‌ಹ್ಯಾಮ್ ಎಂಬ ಎರಡು ಮನೆಗಳು ರಾಣಿಯ ಸ್ವಂತ ಆಸ್ತಿಯಾಗಿದ್ದವು. ವಿಂಡ್ಸರ್ ಮತ್ತು ಬಕಿಂಗ್‌ಹ್ಯಾಮ್ ಅರಮನೆ ಹಾಗಲ್ಲ. ಅವು ಕಿರೀಟಕ್ಕೆ ಸೇರಿದವು. ಸಿಂಹಾಸನದಲ್ಲಿ ಕೂತವರು ಅಲ್ಲಿ ಇರಬಹುದು, ಮಾರುವ ಹಾಗಿಲ್ಲ. ದೇವಸ್ಥಾನದ ಒಡವೆ ನೆನಪಿಸಿಕೊಂಡರೆ ಇದು ನಮಗೆ ಬೇಗ ಅರ್ಥವಾಗುತ್ತದೆ. ಪೆಟ್ಟಿಗೆ ಬೀಗ ಅರ್ಚಕರ ಹತ್ತಿರ ಇರಬಹುದು, ಒಡವೆ ಅವರದಲ್ಲ. ಒಡವೆ ದೇವರದು. ದೇವರು ಬಂದು ಲೆಕ್ಕ ಕೇಳುವುದಿಲ್ಲ, ಊರಿನವರು ಕೇಳುತ್ತಾರೆ.

ಊರಿನವರು ಕೇಳಿದರು. ಪರಂಪರೆ ಇಲಾಖೆಯ ಮಂತ್ರಿ ಪೀಟರ್ ಬ್ರೂಕ್, ರಿಪೇರಿ ಖರ್ಚನ್ನು ಸರ್ಕಾರ ಭರಿಸುತ್ತದೆ ಎಂದು ತಕ್ಷಣವೇ ಹೇಳಿಬಿಟ್ಟರು. ನಿಯಮದ ಪ್ರಕಾರ ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹೊತ್ತು ಮಾತ್ರ ಕೆಟ್ಟದಾಗಿತ್ತು. ದೇಶದಲ್ಲಿ ಆರ್ಥಿಕ ಹಿಂಜರಿತ, ಜನ ಕೆಲಸ ಕಳೆದುಕೊಳ್ಳುತ್ತಿದ್ದರು. ರಾಣಿ ಆದಾಯ ತೆರಿಗೆ ಕಟ್ಟುತ್ತಿರಲಿಲ್ಲ. ಮಕ್ಕಳ ಸಂಸಾರದ ಕಥೆಗಳು ವರ್ಷವಿಡೀ ಪತ್ರಿಕೆ ತುಂಬಿದ್ದವು: ಮಾರ್ಚ್‌ನಲ್ಲಿ ಆಂಡ್ರ್ಯೂ ಹೆಂಡತಿಯಿಂದ ದೂರವಾದರು, ಏಪ್ರಿಲ್‌ನಲ್ಲಿ ಆನ್ ವಿಚ್ಛೇದನ ಪಡೆದರು, ಚಾರ್ಲ್ಸ್–ಡಯಾನಾ ಕಥೆಯಂತೂ ಎಲ್ಲರಿಗೂ ಗೊತ್ತು. ಇಂಥ ಹೊತ್ತಿನಲ್ಲಿ ಖರ್ಚೆಲ್ಲ ನಿಮ್ಮ ತೆರಿಗೆಯಿಂದ ಅಂದರೆ ಯಾರು ಕೇಳುತ್ತಾರೆ?

ದಿ ಟೈಮ್ಸ್ ಪತ್ರಿಕೆಯ ಅಂಕಣಕಾರ್ತಿಯೊಬ್ಬರು ಇಡೀ ಜಗಳವನ್ನು ಒಂದೇ ಸಾಲಿಗೆ ಇಳಿಸಿದರು. ಕೋಟೆ ನಿಂತಿರುವವರೆಗೆ ಅವರದು, ಸುಟ್ಟುಹೋದರೆ ನಮ್ಮದು ಅನ್ನುವ ಅರ್ಥದ ಮಾತು. ಈ ಮಾತು ಅಲ್ಲಿನ ಜನರ ಬಾಯಲ್ಲಿ ಉಳಿಯಿತು. ಟಿಪ್ಪುವಿನ ಹುಲಿ ನೋಡುವಾಗ ಮೊದಲರ್ಧ ನಮಗೂ ನೆನಪಾದರೆ ತಪ್ಪಿಲ್ಲ, ಅಲ್ವಾ?

ನವೆಂಬರ್ 24ರಂದು, ಬೆಂಕಿ ಬಿದ್ದು ನಾಲ್ಕೇ ದಿನಕ್ಕೆ, ಲಂಡನ್ನಿನ ಗಿಲ್ಡ್‌ಹಾಲ್‌ನಲ್ಲಿ ರಾಣಿ ಮಾತಾಡಿದರು. ಗಂಟಲು ಕಟ್ಟಿತ್ತು. ಆ ವರ್ಷವನ್ನು ಲ್ಯಾಟಿನ್‌ನಲ್ಲಿ ‘ಆನಸ್ ಹೊರಿಬಿಲಿಸ್’ ಅಂದರು, ಅಂದರೆ ಭಯಂಕರ ವರ್ಷ. ಎರಡು ದಿನ ಬಿಟ್ಟು ಪ್ರಧಾನಿ ಜಾನ್ ಮೇಜರ್ ಸಂಸತ್ತಿನಲ್ಲಿ ಹೇಳಿದರು: ಮುಂದಿನ ವರ್ಷದಿಂದ ರಾಣಿ ತಮ್ಮ ಖಾಸಗಿ ಆದಾಯಕ್ಕೆ ತೆರಿಗೆ ಕಟ್ಟುತ್ತಾರೆ. ಈ ಮಾತುಕತೆ ಬೆಂಕಿಗೂ ಮೊದಲೇ ಒಳಗೊಳಗೆ ನಡೆದಿತ್ತು. ಆದರೆ ಜನ ಅದನ್ನು ಬೆಂಕಿಗೆ ಸಿಕ್ಕ ಉತ್ತರ ಅಂತಲೇ ಓದಿಕೊಂಡರು.

ಟಿಕೆಟ್ ಕೌಂಟರ್

ಕಡೆಗೆ ಸಿಕ್ಕ ದಾರಿ ಸರಳವಾಗಿತ್ತು. ಬಕಿಂಗ್‌ಹ್ಯಾಮ್ ಅರಮನೆಯ ರಾಜಸಭಾ ಕೋಣೆಗಳನ್ನು ಬೇಸಿಗೆಯಲ್ಲಿ ಜನರಿಗೆ ತೆರೆಯುವುದು, ಟಿಕೆಟ್ ಇಡುವುದು. 1993ರ ಆಗಸ್ಟ್‌ನಲ್ಲಿ ಬಾಗಿಲು ತೆಗೆಯಿತು. ಟಿಕೆಟ್ 8 ಪೌಂಡ್. ಅದುವರೆಗೆ ಜನ ಗೇಟಿನ ಹೊರಗೆ ನಿಂತು ಕಾವಲುಗಾರರ ಟೋಪಿ ನೋಡಿಕೊಂಡು ಹೋಗುತ್ತಿದ್ದರು. ಈಗ ಒಳಗಿನ ಮೆಟ್ಟಿಲು ಹತ್ತಬಹುದಾಯಿತು. ಜೊತೆಗೆ ವಿಂಡ್ಸರ್ ಕೋಟೆಯ ಆವರಣಕ್ಕೂ ಪ್ರವೇಶ ಶುಲ್ಕ ಬಂತು. ರಿಪೇರಿಯ ಶೇ 70ರಷ್ಟು ಹಣ ಹೀಗೆ ಹುಟ್ಟಿತು. ಉಳಿದದ್ದು ಅರಮನೆಗಳ ನಿರ್ವಹಣೆಗೆ ವರ್ಷವರ್ಷ ಬರುವ ಸರ್ಕಾರಿ ಹಣದಲ್ಲಿ ಮಿಗಿಸಿದ್ದು. ರಾಣಿ ತಮ್ಮ ಕೈಯಿಂದ 20 ಲಕ್ಷ ಪೌಂಡ್ ಕೊಟ್ಟರು. ಒಟ್ಟು ಖರ್ಚು 3 ಕೋಟಿ 65 ಲಕ್ಷ ಪೌಂಡ್.

ಇದರಲ್ಲೊಂದು ತಮಾಷೆ ಇದೆ. ಬಕಿಂಗ್‌ಹ್ಯಾಮ್ ಕೂಡ ಕಿರೀಟದ ಆಸ್ತಿಯೇ. ಅಂದರೆ ಜನ, ತಮ್ಮದೇ ಅನ್ನಬಹುದಾದ ಒಂದು ಮನೆ ನೋಡಲು ದುಡ್ಡು ಕೊಟ್ಟು, ತಮ್ಮದೇ ಅನ್ನಬಹುದಾದ ಇನ್ನೊಂದು ಮನೆಯನ್ನು ರಿಪೇರಿ ಮಾಡಿಸಿದರು. ಆದರೂ ಯಾರೂ ಗೊಣಗಲಿಲ್ಲ. ತೆರಿಗೆಯಲ್ಲಿ ಕಿತ್ತುಕೊಂಡರೆ ಸಿಟ್ಟು, ಟಿಕೆಟ್ ಕೊಟ್ಟು ಕ್ಯೂ ನಿಲ್ಲಿಸಿದರೆ ಖುಷಿ. ಕ್ಯೂನಲ್ಲಿ ವಿದೇಶಿಯರೂ ಇದ್ದರೆನ್ನಿ. ಮೊದಲು ಐದು ವರ್ಷಕ್ಕೆ ಅಂದಿದ್ದ ಏರ್ಪಾಡು ಈಗಲೂ ಪ್ರತಿ ಬೇಸಿಗೆ ನಡೆಯುತ್ತಿದೆ.

ಹಾಗೇ ಕಟ್ಟುವುದೋ, ಹೊಸದು ಕಟ್ಟುವುದೋ

ರಿಪೇರಿಯ ಮೊದಲ ಶತ್ರು ಬೆಂಕಿಯಲ್ಲ, ಆ 70 ಲಕ್ಷ ಲೀಟರ್ ನೀರು. ದಪ್ಪ ಕಲ್ಲುಗೋಡೆಗಳು ಸ್ಪಂಜಿನ ಹಾಗೆ ಕುಡಿದು ಕೂತಿದ್ದವು. ತಾವಾಗಿಯೇ ಒಣಗಲಿ ಅಂತ ಬಿಟ್ಟಿದ್ದರೆ ಹತ್ತು ವರ್ಷ ಹಿಡಿಯುತ್ತಿತ್ತು. ಮೇಲೆ ತಾತ್ಕಾಲಿಕ ಮಾಡು ಕಟ್ಟಿ, ಒಳಗೆ ಗಾಳಿ ಆಡಿಸಿ ಒಣಗಿಸಿದರು. ಜೊತೆಗೆ ಬೂದಿ ಜರಡಿ ಹಿಡಿಯುವ ಕೆಲಸ. ಬ್ರನ್ಸ್‌ವಿಕ್ ಗೋಪುರದೊಳಗೆ ಮೂರೂವರೆ ಮೀಟರಿಗೂ ಎತ್ತರಕ್ಕೆ ಅವಶೇಷ ತುಂಬಿತ್ತು. ಸುಟ್ಟ ಕಸವನ್ನೆಲ್ಲ ಯಾವ ಕೋಣೆಯ ಯಾವ ಮೂಲೆಯದು ಅಂತ ಗುರುತು ಮಾಡಿ ಸಾವಿರಾರು ಡಬ್ಬಿಗಳಲ್ಲಿ ತುಂಬಿಟ್ಟರು. ಅಂಗೈಯಗಲದ ಗಾರೆ ತುಂಡು, ಅದರ ಮೇಲೆ ಅರ್ಧ ಎಲೆ, ಒಂದಿಷ್ಟು ಚಿನ್ನದ ರೇಕು. ಅದನ್ನು ನೋಡಿಕೊಂಡು ಮುಂದೆ ಇಡೀ ಬಳ್ಳಿಯನ್ನು ಮತ್ತೆ ಎರಕ ಹೊಯ್ದರು.

ಬೆಂಕಿ ಕೆಲವು ಗುಟ್ಟುಗಳನ್ನೂ ಬಿಚ್ಚಿತು. ದೊಡ್ಡ ಅಡುಗೆಮನೆಯ ಮಾಡು ಜಾರ್ಜ್ ದೊರೆಗಳ ಕಾಲದ್ದು ಅಂತ ಎಲ್ಲರೂ ತಿಳಿದಿದ್ದರು. ಮಸಿ ಕೆರೆದು ನೋಡಿದರೆ ಅದರ ಮರ ಬಹುಪಾಲು ಮಧ್ಯಯುಗದ್ದು.

ಆಮೇಲೆ ಚರ್ಚೆ. ಮೊದಲಿದ್ದ ಹಾಗೇ ಕಟ್ಟಬೇಕೇ, ಇಲ್ಲ ಈ ಕಾಲದ್ದೊಂದು ಗುರುತು ಬಿಡಬೇಕೇ? ಮೈಸೂರಿನಲ್ಲೂ ಇದೇ ಪ್ರಶ್ನೆ ಬಂದಿತ್ತು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ ಹೊತ್ತಿನಲ್ಲಿ ಹಳೇ ಮರದ ಅರಮನೆ ಸುಟ್ಟಿತು. ಅಲ್ಲಿ ಉಳಿದದ್ದು ಕಡಿಮೆ. ಹಾಗಾಗಿ ಹೆನ್ರಿ ಇರ್ವಿನ್ ಕೈಯಲ್ಲಿ ಬೇರೆಯದೇ ಅರಮನೆ ಕಟ್ಟಿಸಿದರು, 1912ಕ್ಕೆ ಮುಗಿಯಿತು. ವಿಂಡ್ಸರ್‌ನವರು ಎರಡನ್ನೂ ಬೆರೆಸಿದರು. ಗ್ರ್ಯಾಂಡ್ ರಿಸೆಪ್ಷನ್ ರೂಮ್, ಹಸಿರು ಮತ್ತು ಕೆಂಪು ಡ್ರಾಯಿಂಗ್ ರೂಮ್‌ಗಳು ಮೊದಲಿನ ಹಾಗೇ. ಪೂರ್ತಿ ನಾಶವಾಗಿದ್ದ ಪ್ರಾರ್ಥನಾ ಕೋಣೆ ಮತ್ತು ಸೇಂಟ್ ಜಾರ್ಜ್ ಹಾಲ್‌ನ ಚಾವಣಿ ಮಾತ್ರ ಹೊಸ ವಿನ್ಯಾಸದಲ್ಲಿ. ಉಸ್ತುವಾರಿ ಸಮಿತಿಗೆ ರಾಣಿಯ ಗಂಡ ಫಿಲಿಪ್ ಅಧ್ಯಕ್ಷರು.

ಸೇಂಟ್ ಜಾರ್ಜ್ ಹಾಲ್ ವಿಷಯದಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ: ಸುಟ್ಟದ್ದೇ ಒಳ್ಳೆಯದಾಯಿತು. ವ್ಯಾಟ್‌ವಿಲ್‌ನ ಹಳೇ ಚಾವಣಿ ಗಾರೆಯದ್ದು. ಮರದ ಹಾಗೆ ಕಾಣಲಿ ಅಂತ ಬಣ್ಣ ಬಳಿದಿದ್ದರು. ಸುಮಾರು 55 ಮೀಟರ್ ಉದ್ದದ ಹಾಲ್‌ಗೆ ಅದು ತಗ್ಗಿ ಕೂತಿತ್ತು. ವಾಸ್ತುಶಿಲ್ಪಿ ಜೈಲ್ಸ್ ಡೌನ್ಸ್ ಆ ಜಾಗದಲ್ಲಿ ನಿಜವಾದ ಓಕ್ ಮರದ ಚಾವಣಿ ಏರಿಸಿದರು. ಗೋಡೆಯಿಂದ ಮೋಟು ತೊಲೆಗಳು ಮುಂದೆ ಚಾಚುತ್ತವೆ, ಅವುಗಳ ಮೇಲೆ ಕಮಾನುಗಳು ಮೇಲೇರಿ ಕೂಡುತ್ತವೆ. ಬಳಸಿದ್ದು ಹಸಿ ಮರ, ಒಣಗಿಸಿದ್ದಲ್ಲ. ನಮ್ಮ ಬಡಗಿಗಳು ಕೇಳಿದರೆ ತಲೆ ಚಚ್ಚಿಕೊಂಡಾರು. ಆದರೆ ಮಧ್ಯಯುಗದ ಇಂಗ್ಲಿಷ್ ಬಡಗಿಗಳ ರೂಢಿ ಅದೇ. ಒಂದು ತೊಲೆಯಲ್ಲಿ ಕಂಡಿ ಕೊರೆದು, ಇನ್ನೊಂದರ ತುದಿ ಅದರಲ್ಲಿ ಕೂರಿಸಿ, ಮರದ ಗೂಟ ಬಡಿಯುತ್ತಾರೆ. ಮರ ಒಣಗುತ್ತಾ ಕುಗ್ಗುತ್ತದೆ, ಕುಗ್ಗುತ್ತಾ ಜೋಡಣೆ ಬಿಗಿಯಾಗುತ್ತದೆ. ಅಲ್ಲಲ್ಲಿ ಸೀಳು ಬಿಡುತ್ತದೆ, ಬಿಡಲಿ ಅಂತಲೇ ಬಿಟ್ಟಿದ್ದಾರೆ.

ಆ ಚಾವಣಿ ತುಂಬಾ ಪುಟ್ಟ ಗುರಾಣಿಗಳು. ಗಾರ್ಟರ್ ಎಂಬ ಗೌರವ ಪಡೆದವರ ಲಾಂಛನಗಳು, 14ನೇ ಶತಮಾನದಿಂದ ಈಚೆಗಿನವು. ನಡುವೆ ಕೆಲವು ಮಾತ್ರ ಬರೀ ಬಿಳಿ. ಮರ್ಯಾದೆ ಕಳೆದುಕೊಂಡು ಪಟ್ಟಿಯಿಂದ ಹೊರಬಿದ್ದವರದ್ದು. ಹೆಸರು ಅಳಿಸಿದರು, ಜಾಗ ಮಾತ್ರ ತುಂಬಲಿಲ್ಲ.

ಕೆಲಸ 1997ರ ನವೆಂಬರ್ 20ಕ್ಕೆ ಮುಗಿಯಿತು. ಬೆಂಕಿ ಬಿದ್ದು ಸರಿಯಾಗಿ ಐದು ವರ್ಷ, ರಾಣಿಯ ಮದುವೆಯಾಗಿ ಐವತ್ತು. ಅಂದುಕೊಂಡದ್ದಕ್ಕಿಂತ ಬೇಗ, ಇಟ್ಟ ಬಜೆಟ್‌ಗಿಂತ 30 ಲಕ್ಷ ಪೌಂಡ್ ಕಡಿಮೆಗೆ. ಸರ್ಕಾರಿ ಕಾಮಗಾರಿ ನೋಡಿ ಅಭ್ಯಾಸವಿರುವ ನಾನು ಈ ಸಾಲನ್ನು ಎರಡು ಸಲ ಓದಿದೆ. ವಾರ್ಷಿಕೋತ್ಸವಕ್ಕೆ ಕೆಲವು ದಿನ ಮೊದಲು, ಕೆಲಸ ಮಾಡಿದ ಸುಮಾರು 1,500 ಮಂದಿಯನ್ನು ರಾಣಿ ಅದೇ ಕೋಣೆಗಳಿಗೆ ಕರೆದು ಸತ್ಕಾರ ಮಾಡಿದರು.

ಬೆಂಕಿ ಶುರುವಾದ ಜಾಗದಲ್ಲಿ ಈಗ ಎಂಟು ಮೂಲೆಯ ಲ್ಯಾಂಟರ್ನ್ ಲಾಬಿ ಇದೆ. ನಡುವೆ ಬೆಳಕು ಬೀಳುವ ಗಾಜಿನ ನೆತ್ತಿ, ಲಿಲ್ಲಿ ಹೂವಿನ ದಂಟಿನ ಹಾಗೆ ಮೇಲೇಳುವ ಮರದ ಕಂಬಗಳು. ಬೆಂಕಿ ಇಲ್ಲೇ ಹುಟ್ಟಿತು ಅಂತ ಹೇಳುವ ಶಾಸನವೂ ಇದೆ. ಪ್ರವಾಸಿಗಳು ಓದಿ ಮುಂದೆ ಹೋಗುತ್ತಾರೆ.

ಪ್ರಾರ್ಥನಾ ಕೋಣೆ ಪಕ್ಕಕ್ಕೆ ಸರಿಯಿತು. ಅಲ್ಲೊಂದು ಬಣ್ಣದ ಗಾಜಿನ ಕಿಟಕಿ, ಫಿಲಿಪ್ ಅವರ ಕಲ್ಪನೆ. ಕೆಳಗಿನ ಭಾಗದಲ್ಲಿ ಮೂರು ಚಿತ್ರ. ನಡುವೆ ಡ್ರ್ಯಾಗನ್ ಕೊಲ್ಲುವ ಸೇಂಟ್ ಜಾರ್ಜ್. ಒಂದು ಬದಿಗೆ ಬೆಂಕಿಯ ಜೊತೆ ಹೋರಾಡುವ ಅಗ್ನಿಶಾಮಕದವನು. ಇನ್ನೊಂದು ಬದಿಗೆ, ಹೊಗೆಯ ನಡುವೆ ಚಿತ್ರವೊಂದನ್ನು ತಬ್ಬಿಕೊಂಡು ಬರುತ್ತಿರುವ ಒಬ್ಬ ಕೆಲಸಗಾರ. ಅದನ್ನು ನೋಡಲು ಟಿಕೆಟ್ ಸಾಲದು. ಅದು ಮನೆಯವರ ಕೋಣೆ.